‘ಹವ್ಯಾಸ’ ಅನ್ನುವ ಆ ಒಂದು ಪದದ ಬಗ್ಗೆ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮೇರಿಯಾನ್ ನಾರ್ತ್ ಬಗ್ಗೆ ಒಂದು ಸಣ್ಣ ಬರಹ ಬಂದಿತ್ತು. ಕಾಲು ಪುಟವೂ ಇರಲಿಲ್ಲ. ಆದರೂ ಆ ಹೆಸರನ್ನು ಕನ್ನಡ ಪತ್ರಿಕೆಯಲ್ಲಿ ನೋಡಿ ಎಷ್ಟು ಖುಷಿಯಾಯಿತು ಅಂದರೆ, ಲೋಟದಲ್ಲಿದ್ದ ಕಾಫಿ ಆರಿ ಹೋಗುವವರೆಗೂ ಅದನ್ನೇ ಮತ್ತೆ ಮತ್ತೆ ಓದಿದೆ. ಮೂರನೇ ಸಲ ಓದುವಾಗ ಒಂದು ಸಾಲು ಚುಚ್ಚಿತು. ಶ್ರೀಮಂತ ಮನೆತನದ ಈ ಇಂಗ್ಲಿಷ್ ಮಹಿಳೆ ಹೊತ್ತು ಕಳೆಯಲು ಹೂವಿನ ಚಿತ್ರ ಬಿಡಿಸುವ ಹವ್ಯಾಸ ಇಟ್ಟುಕೊಂಡಿದ್ದರು ಅಂತ ಬರೆದಿದ್ದೀರಿ. ಆ ‘ಹವ್ಯಾಸ’ ಅನ್ನುವ ಪದ ಸರಿಯಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹಾಸನ ಜಿಲ್ಲೆಯಲ್ಲಿ 31 ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳು. ಈಗ ರಿಟೈರ್ ಆಗಿ ಸಕಲೇಶಪುರದ ಹತ್ತಿರ ಇದ್ದೇನೆ. ಆ 31 ವರ್ಷದಲ್ಲಿ ಈ ಪದವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ವಾರಕ್ಕೆ ಇರುತ್ತಿದ್ದದ್ದೇ ಒಂದೋ ಎರಡೋ ಡ್ರಾಯಿಂಗ್ ಪೀರಿಯಡ್. ಡಿಸೆಂಬರ್ ಬಂತು ಅಂದರೆ ಅದೂ ಗಣಿತಕ್ಕೆ ಹೋಗುತ್ತಿತ್ತು. ಹೋಗಲಿ ಬಿಡಿ ಮೇಡಂ, ಹೇಗಿದ್ದರೂ ಅದು ಹವ್ಯಾಸದ ವಿಷಯ ತಾನೇ, ಮಕ್ಕಳು ಮನೆಯಲ್ಲಿ ಮಾಡಿಕೊಳ್ಳುತ್ತಾರೆ ಅನ್ನುತ್ತಿದ್ದರು. ಹೇಳುತ್ತಿದ್ದವರು ಒಳ್ಳೆಯವರೇ. ನನ್ನ ಜೊತೆ ಊಟದ ಡಬ್ಬಿ ಹಂಚಿಕೊಂಡವರೇ. ಆದರೆ ಒಬ್ಬಳು ಹುಡುಗಿ ಮರದ ಮೇಲಿನ ಸೀತಾಳೆ ದಂಡೆಯನ್ನು ಒಂದೊಂದು ಎಸಳಿನ ಚುಕ್ಕೆ ಸಮೇತ ನೋಡಿ ಬಿಡಿಸಿಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟಾಗ, ಅದನ್ನು ಹವ್ಯಾಸ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಅವಳು ಆ ಹೂವನ್ನು ಕಲಿತಿದ್ದಳು. ಬೇರೆ ಮಕ್ಕಳು ಪಾಠ ಕಲಿತ ಹಾಗೇ.

ಈಗ ಮೇರಿಯಾನ್ ನಾರ್ತ್ ವಿಷಯಕ್ಕೆ ಬರುತ್ತೇನೆ. ಲಂಡನ್ನಿನಲ್ಲಿರುವ ನನ್ನ ತಂಗಿಯ ಮಗಳು ಕೆಲವು ವರ್ಷದ ಹಿಂದೆ ಅಲ್ಲಿನ ಕ್ಯೂ ಗಾರ್ಡನ್ ಅನ್ನುವ ದೊಡ್ಡ ಸಸ್ಯತೋಟಕ್ಕೆ ಹೋಗಿ, ದೊಡ್ಡಮ್ಮಾ ಇದು ನಿಮಗೇ ಅಂತ ಒಂದು ವಿಡಿಯೋ ಕಳಿಸಿದಳು. ಒಂದು ಕೋಣೆ. ನೆಲದ ಹತ್ತಿರದಿಂದ ಹಿಡಿದು ಕೈಗೆಟುಕದ ಎತ್ತರದವರೆಗೂ ಗೋಡೆಯೇ ಕಾಣದ ಹಾಗೆ ಚಿತ್ರಗಳು, ಒಂದಕ್ಕೊಂದು ಅಂಟಿಕೊಂಡೇ ಇವೆ, ನಡುವೆ ಬೆರಳು ಇಡಲೂ ಜಾಗ ಇಲ್ಲ. 800ಕ್ಕೂ ಹೆಚ್ಚು. ಎಲ್ಲಾ ಎಣ್ಣೆ ಬಣ್ಣದವು, ಎಲ್ಲಾ ಒಬ್ಬರೇ ಬಿಡಿಸಿದ್ದು. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದೆ.

ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಹೇಸ್ಟಿಂಗ್ಸ್ ಊರಲ್ಲಿ. ಲಾರ್ಡ್ ನಾರ್ತ್ ಮನೆತನದ ಒಂದು ಕವಲು ಇವರದ್ದು. ತಂದೆ ಫ್ರೆಡರಿಕ್ ನಾರ್ತ್ ಜಮೀನ್ದಾರರು, ಪಾರ್ಲಿಮೆಂಟ್ ಸದಸ್ಯರು. ಹುಡುಗಿಗೆ ಮೊದಲು ಹಾಡುವ ಹುಚ್ಚು ಇತ್ತು, ಚೆನ್ನಾಗಿ ಕಲಿತರು ಕೂಡ, ಆದರೆ ಗಂಟಲು ಕೈಕೊಟ್ಟಿತು. ಆಮೇಲೆ ಹೂವಿನ ಚಿತ್ರ. 1855ರಲ್ಲಿ ತಾಯಿ ತೀರಿಕೊಂಡರು. ಸಾಯುವ ಮೊದಲು ತಾಯಿ ಮಗಳ ಹತ್ತಿರ, ತಂದೆಯನ್ನು ಬಿಟ್ಟು ಹೋಗಬೇಡ ಅಂತ ಮಾತು ತೆಗೆದುಕೊಂಡಿದ್ದರು. ಮಗಳು ಆ ಮಾತು ಉಳಿಸಿಕೊಂಡರು. 14 ವರ್ಷ ತಂದೆಯ ಜೊತೆಗೇ ಇದ್ದರು, ಅವರ ಜೊತೆಗೇ ಈಜಿಪ್ಟ್, ಸಿರಿಯಾ ಅಂತ ಸುತ್ತಿದರು. 1869ರಲ್ಲಿ ತಂದೆಯೂ ಹೋದರು. ಆಗ ಈಕೆಗೆ 39.

39 ಅಂದರೆ ನಮ್ಮಲ್ಲಿ ಇವತ್ತಿಗೂ ಹೆಣ್ಣುಮಕ್ಕಳಿಗೆ ಇನ್ನೇನು ಮಗಳ ಮದುವೆಯ ಯೋಚನೆ ಮಾಡು ಅನ್ನುವ ವಯಸ್ಸು. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾಗದ 39ರ ಹೆಂಗಸು ಅಂದರೆ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಒಂದು ಮೂಲೆ ಹಿಡಿಯಬೇಕಿತ್ತು. ಈಕೆ ಬಣ್ಣದ ಪೆಟ್ಟಿಗೆ ಹಿಡಿದರು. 1867ರಲ್ಲಿ ಆಸ್ಟ್ರೇಲಿಯಾದ ರಾಬರ್ಟ್ ಡೌಲಿಂಗ್ ಅನ್ನುವ ಚಿತ್ರಕಾರರಿಂದ ಎಣ್ಣೆ ಬಣ್ಣ ಕಲಿತಿದ್ದರು. ಅದು ಕುಡಿತದ ಚಟದ ಹಾಗೆ, ಒಮ್ಮೆ ಹಿಡಿದರೆ ಬಿಡುವುದು ಕಷ್ಟ ಅಂತ ಅವರೇ ಬರೆದುಕೊಂಡಿದ್ದಾರೆ. ಇನ್ನೂ ಚಿಕ್ಕ ವಯಸ್ಸಿನಲ್ಲಿ ಕ್ಯೂ ಗಾರ್ಡನ್ ನೋಡಲು ಹೋದಾಗ ಅಲ್ಲಿನ ನಿರ್ದೇಶಕರು ಬರ್ಮಾ ದೇಶದ ಆಂಹರ್ಸ್ಟಿಯಾ ಮರದ ಒಂದು ಹೂಗೊಂಚಲು ಕೊಟ್ಟಿದ್ದರಂತೆ. ಆ ಗೊಂಚಲು ನೋಡಿದ ದಿನದಿಂದ, ಬಿಸಿಲಿನ ದೇಶದ ಗಿಡಮರಗಳನ್ನು ಅವು ಬೆಳೆಯುವ ಜಾಗದಲ್ಲೇ ನೋಡಬೇಕು ಅನ್ನುವ ಆಸೆ ಅವರಲ್ಲಿ ಉಳಿದುಬಿಟ್ಟಿತ್ತು.

1871ರಲ್ಲಿ ಹೊರಟರು. ಕೆನಡಾ, ಅಮೆರಿಕ, ಆಮೇಲೆ ಜಮೈಕಾ. ಜಮೈಕಾದಲ್ಲಿ ಪಾಳು ಬಿದ್ದ ಸಸ್ಯತೋಟದಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು, ಬೆಳಕು ಹರಿದಾಗ ಕೂತರೆ ಮಧ್ಯಾಹ್ನದ ತನಕ ಹೊರಗೆ ಕೆಲಸ, ಮಳೆ ಶುರುವಾದರೆ ಒಳಗೆ ಕೂತು ಕೆಲಸ. ಆಮೇಲೆ ಬ್ರೆಜಿಲ್‌ನಲ್ಲಿ ಸುಮಾರು ಒಂದು ವರ್ಷ. 1875ರಿಂದ 77ರ ನಡುವೆ ಕ್ಯಾಲಿಫೋರ್ನಿಯಾ, ಜಪಾನ್, ಬೋರ್ನಿಯೋ, ಜಾವಾ, ಸಿಲೋನ್. 1877ರಿಂದ 79ರವರೆಗೆ ನಮ್ಮ ದೇಶ. ತಂಜಾವೂರು, ಮಧುರೆಯಿಂದ ಹಿಡಿದು ಡಾರ್ಜಿಲಿಂಗಿನಿಂದ ಕಾಣುವ ಕಾಂಚನಜುಂಗಾದವರೆಗೆ, 200ಕ್ಕೂ ಹೆಚ್ಚು ಚಿತ್ರ ಇಲ್ಲಿಯದೇ ಇವೆ. 1880ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಅಲ್ಲಿಗೆ ಹೋಗಲು ಹೇಳಿದ್ದು ಯಾರು ಗೊತ್ತಾ? ಚಾರ್ಲ್ಸ್ ಡಾರ್ವಿನ್. ಅಲ್ಲಿನ ಗಿಡಮರ ಬೇರೆಲ್ಲೂ ಇಲ್ಲದ ಹಾಗಿವೆ, ಅದನ್ನು ನೋಡದೆ ನಿಮ್ಮ ಕೆಲಸ ಪೂರ್ತಿಯಾಗುವುದಿಲ್ಲ ಅಂದರು. ಅರಮನೆಯ ಆಜ್ಞೆ ಬಂದ ಹಾಗೆ ಈಕೆ ಹೊರಟೇಬಿಟ್ಟರು. ವಾಪಸ್ ಬಂದ ಮೇಲೆ ಚಿತ್ರಗಳನ್ನು ಹೊತ್ತುಕೊಂಡು ಹೋಗಿ ಡಾರ್ವಿನ್ ಮನೆಯಲ್ಲೇ ತೋರಿಸಿದರು. ನಮ್ಮ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿರುವ ಸಿಲ್ವರ್ ಓಕ್ ಕೂಡ ಆ ಆಸ್ಟ್ರೇಲಿಯಾದ್ದೇ, ಇಲ್ಲಿ ಎಷ್ಟೋ ಜನಕ್ಕೆ ಅದು ನಮ್ಮ ಮರ ಅಲ್ಲ ಅನ್ನುವುದೇ ಗೊತ್ತಿಲ್ಲ.

ಡಾರ್ವಿನ್ ಯಾರದೋ ಹೊತ್ತು ಕಳೆಯುವ ಹವ್ಯಾಸಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರಾ?

ಇನ್ನೊಂದು ಸಂಗತಿ ಹೇಳಬೇಕು, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಬೋರ್ನಿಯೋದ ಸರವಾಕ್‌ನಲ್ಲಿದ್ದಾಗ ಅಲ್ಲಿನ ಸುಣ್ಣಕಲ್ಲಿನ ಬೆಟ್ಟದಿಂದ ತಂದ ಒಂದು ಹೂಜಿ ಗಿಡವನ್ನು, ಅಂದರೆ ಹುಳ ಹಿಡಿದು ತಿನ್ನುವ ಗಿಡವನ್ನು, ಅವರು ಬಿಡಿಸಿದರು. ಆ ಚಿತ್ರ ಲಂಡನ್ನಿಗೆ ಬಂತು. ಅಲ್ಲಿನ ದೊಡ್ಡ ನರ್ಸರಿಯ ವೀಚ್ ಅನ್ನುವವರು ಅದನ್ನು ನೋಡಿ, ಇಂಥ ಗಿಡ ನಾವು ಕಂಡೇ ಇಲ್ಲವಲ್ಲ ಅಂತ ಅದನ್ನು ಹುಡುಕಿ ತರಲು ಒಬ್ಬರನ್ನು ಬೋರ್ನಿಯೋಗೆ ಕಳಿಸಿದರು. ಗಿಡ ಸಿಕ್ಕಿತು. ವಿಜ್ಞಾನಕ್ಕೆ ಹೊಸದು. 1881ರಲ್ಲಿ ಕ್ಯೂ ಗಾರ್ಡನ್‌ನ ಆಗಿನ ನಿರ್ದೇಶಕ ಜೋಸೆಫ್ ಹೂಕರ್ ಅದಕ್ಕೆ ನೆಪೆಂಥಿಸ್ ನಾರ್ತಿಯಾನಾ ಅಂತ ಈಕೆಯ ಹೆಸರನ್ನೇ ಇಟ್ಟರು. ಒಂದು ಚಿತ್ರ ನಂಬಿಕೊಂಡು ಜನ ಸಮುದ್ರ ದಾಟಿ ಹೋದರು ಅಂದರೆ ಆ ಚಿತ್ರದಲ್ಲಿ ಎಷ್ಟು ನಿಖರತೆ ಇರಬೇಕು ಯೋಚಿಸಿ. ಸೇಷೆಲ್ಸ್ ದ್ವೀಪದ ಒಂದು ಮರದ ಜಾತಿಗೂ ಅವರದೇ ಹೆಸರಿದೆ, ನಾರ್ತಿಯಾ ಅಂತ. ದಕ್ಷಿಣ ಆಫ್ರಿಕಾದ ಒಂದು ಹೂವಿಗೂ ಇದೆ.

ಆ ಕಾಲದ ಸಸ್ಯಚಿತ್ರಗಳಲ್ಲಿ ಗಿಡವನ್ನು ಕಿತ್ತು ತಂದು ಬಿಳಿ ಹಾಳೆಯ ಮೇಲೆ ಒಂಟಿಯಾಗಿ ನಿಲ್ಲಿಸುವುದು ರೂಢಿ. ಈಕೆ ಹಾಗೆ ಮಾಡಲಿಲ್ಲ. ಹೂವಿನ ಹಿಂದೆ ಬೆಟ್ಟ ಇದೆ, ಹೊಳೆ ಇದೆ, ಪಕ್ಕದ ಗಿಡ ಇದೆ, ಎಲೆ ಮೇಲೆ ಚಿಟ್ಟೆಯೋ ಹುಳವೋ ಕೂತಿದೆ. ಗಿಡ ಎಲ್ಲಿ, ಯಾರ ಜೊತೆ ಬದುಕುತ್ತದೆ ಅನ್ನುವುದೂ ಚಿತ್ರದಲ್ಲೇ ಸಿಗುತ್ತದೆ. ತೋಟದಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ ಅಲ್ವಾ? ಕಾಫಿ ಗಿಡ ಒಂದೇ ಇರುವುದಿಲ್ಲ. ಮೇಲೆ ಹಲಸು, ಅತ್ತಿ, ಹಾಲವಾಣದ ನೆರಳು, ಕಾಂಡಕ್ಕೆ ಹಬ್ಬಿದ ಮೆಣಸು, ಕೆಳಗೆ ಏಲಕ್ಕಿ, ಪಾಚಿ, ಜಿಗಣೆ.

ಕ್ಯೂ ಗಾರ್ಡನ್‌ನಲ್ಲಿರುವ ಆ ಚಿತ್ರಗಳ ಕೋಣೆಯ, ಅಂದರೆ ಗ್ಯಾಲರಿಯ, ಕಥೆಯಲ್ಲಿ ನಮ್ಮ ಕಡೆಗೆ ಸೇರಿದ ಎರಡು ವಿಷಯ ಇವೆ. ನಿಮ್ಮ ಬರಹದಲ್ಲಿ ಎರಡೂ ಬಿಟ್ಟುಹೋಗಿವೆ.

ಮೊದಲನೆಯದು ಕಾಫಿ. 1879ರಲ್ಲಿ ಶ್ರೂಸ್‌ಬರಿ ಸ್ಟೇಷನ್‌ನಲ್ಲಿ ರೈಲು ತಪ್ಪಿ ಕಾಯುತ್ತಾ ಕೂತಿದ್ದಾಗ ಈಕೆ ಹೂಕರ್‌ಗೆ ಒಂದು ಪತ್ರ ಬರೆದರು. ನನ್ನ ಎಲ್ಲಾ ಚಿತ್ರ ಕ್ಯೂ ಗಾರ್ಡನ್‌ಗೆ ಕೊಡುತ್ತೇನೆ, ಅದನ್ನಿಡುವ ಕಟ್ಟಡವನ್ನೂ ನನ್ನ ಖರ್ಚಿನಲ್ಲೇ ಕಟ್ಟಿಸುತ್ತೇನೆ ಅಂತ. ಜೊತೆಗೆ ಒಂದು ಬೇಡಿಕೆ. ತೋಟ ಸುತ್ತಿ ಸುಸ್ತಾಗಿ ಬಂದವರಿಗೆ ಅಲ್ಲಿ ಕಾಫಿಯೋ ಟೀಯೋ ಸಿಗಬೇಕು. ಹೂಕರ್ ಒಪ್ಪಲಿಲ್ಲ, ಅಷ್ಟು ಜನರನ್ನು ಸಂಭಾಳಿಸುವುದು ಆಗದ ಮಾತು ಅಂದರು. ಈಕೆ ಜಗಳಕ್ಕೆ ಹೋಗಲಿಲ್ಲ. ಬಾಗಿಲಿನ ಸುತ್ತ ಕಾಫಿ ಗಿಡ, ಟೀ ಗಿಡದ ಚಿತ್ರ ಬಿಡಿಸಿಟ್ಟರು. ಕುಡಿಯಲು ಕೊಡದಿದ್ದರೆ ಬೇಡ, ನೋಡಿಕೊಂಡಾದರೂ ಒಳಗೆ ಬನ್ನಿ ಅನ್ನುವ ಹಾಗೆ. ಬಾಬಾಬುಡನ್ ಏಳು ಬೀಜ ತಂದ ಕಥೆ ಹೇಳಿಕೊಂಡು ಬೆಳೆದ ನಮ್ಮ ಚಿಕ್ಕಮಗಳೂರಿನ ಕಡೆಯವರು ಲಂಡನ್ನಿಗೆ ಹೋದರೆ ಆ ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲಬೇಕು.

ಎರಡನೆಯದು ಹಳೇಬೀಡು. ಆ ಗ್ಯಾಲರಿಯ ನಕ್ಷೆ ಮಾಡಿದವರು ಜೇಮ್ಸ್ ಫರ್ಗುಸನ್. ಭಾರತದ ದೇವಸ್ಥಾನಗಳ ಬಗ್ಗೆ ದೊಡ್ಡ ಪುಸ್ತಕ ಬರೆದ ಅದೇ ಫರ್ಗುಸನ್. 1876ರಲ್ಲಿ ಬಂದ ಅವರ ಪುಸ್ತಕದಲ್ಲಿ ನಮ್ಮ ಹೊಯ್ಸಳೇಶ್ವರ ದೇವಸ್ಥಾನವನ್ನು ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಎದುರಿಗಿಟ್ಟು ಹೋಲಿಸಿದ್ದಾರೆ, ಇವೆರಡೂ ಕಟ್ಟಡ ಕಲೆಯ ಎರಡು ತುದಿಗಳು ಅಂತ. ಯುನೆಸ್ಕೋ ಪಟ್ಟಿಗೆ ಬೇಲೂರು, ಹಳೇಬೀಡು ಸೇರಿದ್ದು 2023ರಲ್ಲಿ. ಅದಕ್ಕೆ ಸುಮಾರು 150 ವರ್ಷ ಮುಂಚೆಯೇ ಹೀಗೆ ಬರೆದ ಮನುಷ್ಯ ಈಕೆಯ ಚಿತ್ರಗಳಿಗೆ ಮನೆ ಕಟ್ಟಿಕೊಟ್ಟರು. ಒಳಗೆ ಗ್ರೀಕ್ ದೇವಾಲಯದ ಹಾಗೆ ಮೇಲಿನ ಕಿಟಕಿಗಳಿಂದ ಬೆಳಕು, ಹೊರಗೆ ನಮ್ಮ ಬಂಗಲೆಗಳ ಹಾಗೆ ಜಗಲಿ. ನನ್ನ ತಂಗಿಯ ಮಗಳು ಕಳಿಸಿದ ವಿಡಿಯೋದಲ್ಲಿ ಆ ಜಗಲಿ ನೋಡಿದ ತಕ್ಷಣ ನನಗೆ ನಮ್ಮ ಕಡೆಯ ಹಳೇ ತೋಟದ ಬಂಗಲೆಗಳೇ ನೆನಪಾದವು.

ಕಟ್ಟಡ ಆದ ಮೇಲೂ ಕೆಲಸ ಮುಗಿಯಲಿಲ್ಲ. ಚಿತ್ರಗಳನ್ನು ದೇಶದ ಪ್ರಕಾರ ಜೋಡಿಸಿ, ಬಾಗಿಲು ಕಿಟಕಿಗಳ ಸುತ್ತ ಅಲಂಕಾರವನ್ನೂ ತಾವೇ ಬಿಡಿಸಿ, ಚಿತ್ರಗಳ ಕೆಳಗೆ ತಾವು ಹೋದ ಕಡೆಯಿಂದೆಲ್ಲಾ ತಂದ 246 ಜಾತಿಯ ಮರದ ಹಲಗೆಗಳನ್ನು ಕೂರಿಸುವಷ್ಟರಲ್ಲಿ ಸುಮಾರು ಒಂದು ವರ್ಷ ಹಿಡಿಯಿತು. 1882ರ ಜೂನ್‌ನಲ್ಲಿ ಬಾಗಿಲು ತೆರೆಯಿತು. ಡಾರ್ವಿನ್ ಅದನ್ನು ನೋಡಲಿಲ್ಲ, ಏಪ್ರಿಲ್‌ನಲ್ಲೇ ತೀರಿಕೊಂಡಿದ್ದರು. ಸಾಕು ಅಂತ ಈಕೆ ಕೂರಲೂ ಇಲ್ಲ. ಆಫ್ರಿಕಾ ಬಾಕಿ ಇದೆ ಅಂತ ಮತ್ತೆ ಹೊರಟರು. ಆಮೇಲೆ ಸೇಷೆಲ್ಸ್, ಕೊನೆಗೆ ಚಿಲಿ. ಅಷ್ಟು ಹೊತ್ತಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸೇಷೆಲ್ಸ್‌ನಲ್ಲಿ ಸಿಡುಬಿನ ದಿಗ್ಬಂಧನದಲ್ಲಿ ಇದ್ದಾಗ, ಸುತ್ತಲಿನವರೆಲ್ಲಾ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನಿಸುವಷ್ಟು ಮನಸ್ಸು ಕೆಟ್ಟಿತ್ತು. ಅದನ್ನೂ ದಾಟಿ ಚಿಲಿಗೆ ಹೋಗಿ ಅರೌಕೇರಿಯಾ ಮರಗಳ ಕಾಡು ಬಿಡಿಸಿ ಬಂದರು. 1890ರಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂಥ ಕೆಲಸಕ್ಕೆ ಹೆಂಗಸರಿಗೆ ಕೊಡುವ ಬಿರುದು ಯಾವುದೂ ಆಗ ಇರಲಿಲ್ಲವಾದ್ದರಿಂದ ವಿಕ್ಟೋರಿಯಾ ರಾಣಿ ಒಂದು ಪತ್ರ ಮತ್ತು ತಮ್ಮ ಫೋಟೋ ಕಳಿಸಿದ್ದರು, ಅಷ್ಟೇ.

ನೀವು ಶ್ರೀಮಂತ ಮನೆತನ ಅಂತ ಬರೆದಿದ್ದು ಮಾತ್ರ ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಹಡಗಿನ ಟಿಕೆಟ್ಟು, ಬಣ್ಣ, ಬ್ರಶ್ಶು ಎಲ್ಲಾ ತಂದೆಯ ಆಸ್ತಿಯಿಂದಲೇ ಬಂದದ್ದು. ಕೈಯಲ್ಲಿ ದೊಡ್ಡವರ ಪರಿಚಯ ಪತ್ರ ಇತ್ತು, ಹೋದಲ್ಲೆಲ್ಲಾ ಗವರ್ನರ್ ಮನೆ, ಜಡ್ಜ್ ಮನೆ, ರಾಜರ ಅತಿಥಿಗೃಹ. ಬ್ರಿಟಿಷರ ಆಳ್ವಿಕೆ ಇಲ್ಲದಿದ್ದರೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಅವರ ಆತ್ಮಕಥೆಯಲ್ಲಿ ಸ್ಥಳೀಯ ಜನರ ಬಗ್ಗೆ ಇರುವ ಕೆಲವು ಮಾತು ಓದಿದರೆ ಬೇಜಾರಾಗುತ್ತದೆ. ಪೆಟ್ಟಿಗೆ ಹೊತ್ತವರ ಹೆಸರು, ಕಾಡಿಗೆ ಹೋಗಿ ಗಿಡ ಕಿತ್ತು ತಂದುಕೊಟ್ಟವರ ಹೆಸರು ಚಿತ್ರದ ಕೆಳಗೆ ಇಲ್ಲ. ನಮ್ಮ ಮಲೆನಾಡಿನಲ್ಲೂ ಅದೇ ಕಾಲದಲ್ಲಿ ಬಿಳಿಯರು ಮಂಜರಾಬಾದಿನ ಕಾಡು ಕಡಿಸಿ ಕಾಫಿ ಹಾಕಿಸುತ್ತಿದ್ದರು, ಕಡಿದ ಕೈಗಳ ಹೆಸರು ಯಾರೂ ಬರೆದಿಡಲಿಲ್ಲ. ಇದೆಲ್ಲಾ ಹೇಳಲೇಬೇಕು. ಹೇಳಿ.

ಆದರೆ ಅಷ್ಟೇ ದುಡ್ಡಿದ್ದ ಎಷ್ಟು ಹೆಂಗಸರು ಆಗ ಇಂಗ್ಲೆಂಡಿನಲ್ಲಿ ಇದ್ದರು? ಅವರಲ್ಲಿ ಎಷ್ಟು ಜನ ಹೇಸರಗತ್ತೆ ಏರಿ, ಕೆಸರಲ್ಲಿ ನಡೆದು, ಸೊಳ್ಳೆ ಕಚ್ಚಿಸಿಕೊಂಡು ದಿನಕ್ಕೆ ಆರೇಳು ಗಂಟೆ ಕೂತು ಬಿಡಿಸಿದರು? ದುಡ್ಡು ದಾರಿ ಕೊಟ್ಟಿತು, ಕೈ ಓಡಿಸಿದ್ದು ಅವರೇ. ಇನ್ನೂ ಒಂದು ಮಾತು. ಆ ದುಡ್ಡು ಅವರ ಕೈಯಲ್ಲಿ ಉಳಿದದ್ದೇ ಮದುವೆ ಆಗದೇ ಇದ್ದದ್ದಕ್ಕೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ತನ್ನ ಆಸ್ತಿಯನ್ನು ತಾನೇ ಪೂರ್ತಿ ಇಟ್ಟುಕೊಳ್ಳಬಹುದು ಅನ್ನುವ ಕಾನೂನು ಬಂದದ್ದು 1882ರಲ್ಲಿ, ಅವರ ಗ್ಯಾಲರಿ ತೆರೆದ ವರ್ಷವೇ. ಅಲ್ಲಿಯವರೆಗೆ ಹೆಚ್ಚು ಪಾಲು ಗಂಡನ ಕೈಯಲ್ಲೇ. ನಮ್ಮ ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ ಆದದ್ದು 1994ರಲ್ಲಿ. ನನ್ನ ಮದುವೆ ಅದಕ್ಕಿಂತ ಮುಂಚೆಯೇ ಆಗಿತ್ತು, ನನ್ನಂಥವರಿಗೆ ಅದು ಸಿಗಲಿಲ್ಲ. ತೋಟ ಅಣ್ಣಂದಿರಿಗೆ ಹೋಯಿತು. ನನಗೆ ಅದರ ಬಗ್ಗೆ ಸಿಟ್ಟಿಲ್ಲ, ಆದರೆ ಹೆಣ್ಣಿನ ಕೈಯಲ್ಲಿ ಒಂದಿಷ್ಟು ಸ್ವಂತ ದುಡ್ಡು, ಒಂದಿಷ್ಟು ಸ್ವಂತ ಹೊತ್ತು ಇದ್ದರೆ ಏನೇನು ಆಗಬಹುದು ಅಂತ ಆ ಗೋಡೆ ನೋಡಿದಾಗ ಅನ್ನಿಸದೇ ಇರಲಿಲ್ಲ.

ಸೀತಾಳೆ ದಂಡೆ ಬಿಡಿಸಿದ ಹುಡುಗಿಯ ಬಗ್ಗೆ ಹೇಳಿದೆನಲ್ಲ. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದಳು. ಮುಂದೆ ಚಿತ್ರಕಲೆಯನ್ನೇ ಓದುತ್ತೇನೆ ಅಂದಳು. ಮನೆಯವರು, ಅದೇನು ಹವ್ಯಾಸ, ಮದುವೆ ಆದಮೇಲೆ ಬೇಕಾದರೆ ಮಾಡಿಕೋ ಅಂದರು. ಮದುವೆ ಆಯಿತು. ಹೋದ ವರ್ಷ ಸಂತೆಯಲ್ಲಿ ಸಿಕ್ಕಿದ್ದಳು, ಇಬ್ಬರು ಮಕ್ಕಳು, ಚೆನ್ನಾಗಿದ್ದಾಳೆ. ಈಗ ಏನಾದರೂ ಬಿಡಿಸುತ್ತೀಯೇನೇ ಅಂದೆ. ಹಬ್ಬಕ್ಕೆ ರಂಗೋಲಿ ಹಾಕ್ತೀನಿ ಟೀಚರ್ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತು, ಆ ಸೀತಾಳೆ ದಂಡೆ ಚಿತ್ರ ನಿಮ್ಮ ಹತ್ತಿರ ಇನ್ನೂ ಇದೆಯಾ ಅಂತ ಕೇಳಿದಳು. ಇದೆ. ಬೀರುವಿನಲ್ಲಿ ಭದ್ರವಾಗಿ ಇಟ್ಟಿದ್ದೇನೆ.

2022ರಲ್ಲಿ ನಮ್ಮ ಗಿರಿಗಳಲ್ಲಿ ಕುರಿಂಜಿ ಅರಳಿದಾಗ ಮುಳ್ಳಯ್ಯನಗಿರಿ ದಾರಿಯಲ್ಲಿ ಕಾರುಗಳ ಸಾಲು ನಿಂತಿತ್ತು. ಎಲ್ಲರ ಕೈಯಲ್ಲೂ ಫೋನು. ತಪ್ಪಲ್ಲ, ನಾನೂ ತೆಗೆದೆ. ಆದರೆ ಫೋಟೋ ಒಂದು ಕ್ಷಣದ ಕೆಲಸ. ಬಿಡಿಸಲು ಕೂತರೆ ಎಲೆ ಎದುರುಬದುರು ಇದೆಯಾ, ಅಂಚು ಗರಗಸದ ಹಾಗಿದೆಯಾ, ಮೊಗ್ಗು ಯಾವ ಕಡೆಯಿಂದ ಬಿಚ್ಚುತ್ತದೆ ಅಂತ ನೋಡಲೇಬೇಕು. ಹಾಗೆ ನೋಡಿದ ಮಗು ಆ ಗಿಡವನ್ನು ಮರೆಯುವುದಿಲ್ಲ. ನಮ್ಮ ಅಜ್ಜ ಹಲಗೆಯ ವಾಸನೆ ನೋಡಿ ಇದು ಬೀಟೆ, ಇದು ಹೊನ್ನೆ, ಇದು ನಂದಿ ಅಂತ ಹೇಳುತ್ತಿದ್ದರು. ನನಗೆ ಅದರಲ್ಲಿ ಅರ್ಧ ಗೊತ್ತು. ನನ್ನ ಮಗನಿಗೆ ಎರಡು ಗೊತ್ತು. ಮೊಮ್ಮಗಳಿಗೆ ಎಲ್ಲವೂ ಬರೀ ಮರ.

ಆದ್ದರಿಂದ ನನ್ನ ಕೋರಿಕೆ ಇದು. ಆ ಪದವನ್ನು ತಿದ್ದಿ ಒಂದು ಸಾಲು ಹಾಕಿ, ಅದು ಮೊದಲನೆಯದು. ಎರಡನೆಯದು, ನಿಮ್ಮ ಜಿಲ್ಲಾ ಪುಟದಲ್ಲಿ ಭಾನುವಾರ ಒಂದು ಸಣ್ಣ ಚೌಕ ಜಾಗ ಕೊಡಿ, ಶ್ರದ್ಧಾಂಜಲಿ ಜಾಹೀರಾತಿನಷ್ಟು ಸಾಕು. ಹಾಸನ, ಚಿಕ್ಕಮಗಳೂರಿನ ಯಾರು ಬೇಕಾದರೂ ತಮ್ಮ ಸುತ್ತ ಬೆಳೆಯುವ ಒಂದು ಗಿಡವನ್ನು ಅಲ್ಲೇ ಕೂತು ನೋಡಿ ಬಿಡಿಸಿ ಕಳಿಸಲಿ. ಕೆಳಗೆ ಊರಿನ ಜನ ಕರೆಯುವ ಹೆಸರು, ಕಂಡ ಜಾಗ, ಕಂಡ ತಿಂಗಳು, ಬಿಡಿಸಿದವರ ಹೆಸರು. ಆ ಗಿಡ ತೋರಿಸಿದವರು ಬೇರೆ ಯಾರಾದರೂ ಇದ್ದರೆ, ತೋಟದ ಕೆಲಸದವರೋ ಕಾಡಿಗೆ ದನ ಹೊಡೆಯುವವರೋ, ಅವರ ಹೆಸರೂ ಇರಲಿ. ಬಹುಮಾನ ಗಿಹುಮಾನ ಬೇಡ. ಚಿತ್ರ ಕಳಿಸಿದವರಿಗೆ ಅದನ್ನು ವಾಪಸ್ ಕೊಡುವ ವ್ಯವಸ್ಥೆ ಇದ್ದರೆ ಸಾಕು. ಬಂದ ಚಿತ್ರಗಳ ಅಂಚು ಕತ್ತರಿಸಿ, ಹೆಸರು ಸರಿಯಾಗಿದೆಯಾ ಅಂತ ನಾಲ್ಕು ಜನ ಹಿರಿಯರನ್ನು ಕೇಳಿ ಕೊಡುವ ಕೆಲಸ ನಾನು ಮಾಡಿಕೊಡುತ್ತೇನೆ, ಅದಕ್ಕೆ ನನಗೆ ದುಡ್ಡು ಬೇಡ.

ಈ ಪತ್ರದ ಜೊತೆ ಎರಡು ಚಿತ್ರ ಇಟ್ಟಿದ್ದೇನೆ. ಒಂದು ನನ್ನದು, ಮರಕೆಸ. ಮಳೆ ಹಿಡಿದ ಮೇಲೆ ನಮ್ಮ ಮನೆ ಹಿಂದಿನ ಹಲಸಿನ ಮರದ ಕವಲಲ್ಲಿ ಬಂದಿತ್ತು. ಪತ್ರೊಡೆಗೆ ಕೊಯ್ಯುವ ಮುಂಚೆ ಕೂತು ಬಿಡಿಸಿದೆ. ಇನ್ನೊಂದು ಆ ಸೀತಾಳೆ ದಂಡೆ. ಅವಳನ್ನು ಕೇಳಿಯೇ ಕಳಿಸುತ್ತಿದ್ದೇನೆ. ನನ್ನದನ್ನು ಆಮೇಲೆ ಯಾವಾಗಲಾದರೂ ಹಾಕಿ, ಅವಳದನ್ನು ಮೊದಲು ಹಾಕಿ. ಹಾಳೆ ಹಳೆಯದು, ಮಡಿಸಬೇಡಿ.

ಇತಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ